ಅತ್ತಿಗೆಯ ಕತ್ತಿನ ಗ್ರಾಫ್

ಟಿಣ್ ಎಂದು ಒಂದು ಸಣ್ಣ ಸದ್ದು. ದರ್ಜಿಗಳ ಅಳತೆ ಟೇಪಿನ ತುದಿಗೆ ಹಿತ್ತಾಳೆಯ ಪಟ್ಟಿ ಇರುತ್ತದಲ್ಲ, ಅದು ಸಿಮೆಂಟು ನೆಲಕ್ಕೆ ತಾಗಿದಾಗ ಆಗುವ ಸದ್ದು. ನನ್ನ ಕೈ ಆಗ ಬಹಳ ಬೆವರುತ್ತಿತ್ತು, ಟೇಪು ಜಾರುತ್ತಿತ್ತು. ಕೆಳಗಡೆ ಹೋಟೆಲಿನಲ್ಲಿ ಭಾನುವಾರದ ಗದ್ದಲ, ಲೋಟಗಳ ಖಣಖಣ, ಆಚೆ ಸ್ಟೇಷನ್ನಿನಲ್ಲಿ ಶಂಟಿಂಗ್ ಮಾಡುವ ಇಂಜಿನ್ನು. ಇಷ್ಟರ ನಡುವೆಯೂ ಆ ಟಿಣ್ ಮಾತ್ರ ನನಗೆ ಬೇರೆಯಾಗಿ ಕೇಳುತ್ತಿತ್ತು. ಅರವತ್ತು ವರ್ಷ ಆಗುತ್ತ ಬಂತು. ಇವತ್ತಿಗೂ ನಾನು ಟೈಲರ್ ಅಂಗಡಿಯಲ್ಲಿ ಅಳತೆಗೆ ನಿಲ್ಲುವುದಿಲ್ಲ. ಹಳೆಯ ಬ್ಲೌಸ್ ಒಂದನ್ನು ಕೊಟ್ಟು, ಇದರ ಹಾಗೇ ಹೊಲಿಯಿರಿ ಎಂದು ಹೇಳಿ ಬರುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಅಹಮದಾಬಾದಿನಲ್ಲಿದ್ದೆವು. ನಮ್ಮವರು ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆಕಾಶದಿಂದ ಬೀಳುವ ಕಣಗಳನ್ನು ಎಣಿಸುವ ಕೆಲಸ ಮಾಡುತ್ತಿದ್ದರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತು, ಎಲೊಕ್ಯೂಷನ್‌ನಲ್ಲಿ, ಅಂದರೆ ಇಂಗ್ಲಿಷ್ ಪದ್ಯ ಭಾಷಣ ಒಪ್ಪಿಸುವ ಸ್ಪರ್ಧೆಯಲ್ಲಿ, ಎರಡು ಸಲ ಪ್ರೈಜ್ ತೆಗೆದುಕೊಂಡು, ಇಪ್ಪತ್ತೆರಡಕ್ಕೆ ಮದುವೆಯಾಗಿ ಅಲ್ಲಿಗೆ ಹೋದವಳು. ನಮ್ಮವರ ಅಕ್ಕ, ಅಂದರೆ ನನ್ನ ಅತ್ತಿಗೆ, ಬರೋಡಾದಲ್ಲಿದ್ದರು. ಈಗ ಎಲ್ಲರೂ ವಡೋದರಾ ಎನ್ನುತ್ತಾರೆ, ನನ್ನ ನಾಲಿಗೆಗೆ ಅದು ಇನ್ನೂ ಬಂದಿಲ್ಲ. ಸ್ಟೇಷನ್ ಹತ್ತಿರ ಭಾವನ ಇಡ್ಲಿ ದೋಸೆಯ ಹೋಟೆಲು, ಅದರ ಮೇಲೆಯೇ ಮನೆ.

ಅತ್ತಿಗೆ ಕೆಳಗಿಳಿಯುವುದು ಅಪರೂಪ. ಇಳಿಯುವ ಅಗತ್ಯವೂ ಇರಲಿಲ್ಲ, ಅವರ ಸ್ವರ ಇಳಿಯುತ್ತಿತ್ತು. ಮೆಟ್ಟಿಲ ತುದಿಯಲ್ಲಿ ನಿಂತು, “ಆ ಹಿಟ್ಟು ಹುಳಿ ಬಂದಾಯ್ತು, ಬೇರೆ ತೆಗೀರಿ ಮಾರಾಯ್ರೆ!” ಎಂದರೆ ಅಡುಗೆಮನೆಯಲ್ಲಿ ಭಟ್ಟರ ಸೌಟು ನಿಲ್ಲುತ್ತಿತ್ತು. ಒಂದಕ್ಷರ ಅರ್ಥವಾಗದ ಗುಜರಾತಿ ಗಿರಾಕಿಗಳು ತಲೆಯೆತ್ತಿ ನೋಡಿ ನಗುತ್ತಿದ್ದರು. “ನಾನು ಹೋಟೆಲಿಗೆ ಬೋರ್ಡು ಹಾಕಿಸಿದ್ದೇ ದಂಡ, ಇವಳ ಸ್ವರ ಸ್ಟೇಷನ್‌ವರೆಗೆ ಕೇಳ್ತದೆ” ಎಂದು ಭಾವ ತಮಾಷೆ ಮಾಡುತ್ತಿದ್ದರು. ಹಿಟ್ಟು ಹುಳಿ ಬಂದದ್ದು ಮೇಲಿನ ಮನೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತಿತ್ತೋ, ಅದು ಮಾತ್ರ ನನಗೆ ಕೊನೆಗೂ ತಿಳಿಯಲಿಲ್ಲ.

ಆ ಅತ್ತಿಗೆ ಒಂದು ವರ್ಷ ಮಂಕಾದರು. ಹಗಲಲ್ಲೇ ನಿದ್ದೆ. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಮೇ ತಿಂಗಳ ಬಿಸಿಲಿನಲ್ಲಿ, ಡಾಂಬರು ಕರಗಿ ಚಪ್ಪಲಿಗೆ ಅಂಟುವ ಆ ಬರೋಡಾದಲ್ಲಿ, ಶಾಲು ಹೊದ್ದು ಕೂರುತ್ತಿದ್ದರು. ಕತ್ತು ದಪ್ಪವಾಗುತ್ತ ಬಂತು. ಮದುವೆಯಲ್ಲಿ ತವರಿನವರು ಹಾಕಿದ್ದ ಕಂಠೀಹಾರ ಕೊಕ್ಕೆಗೆ ಸಿಗದೆ ಪೆಟ್ಟಿಗೆ ಸೇರಿತು. ಅದು ಕತ್ತಿಗೆ ಅಂಟಿಕೊಂಡಂತೆ ಕೂರುವ ಆಭರಣ. ಅಹಮದಾಬಾದಿನಲ್ಲಿ ವಿಲಾಯತಿಗೆ ಹೋಗಿ ಕಲಿತು ಬಂದ ಒಬ್ಬ ಡಾಕ್ಟರು ಇದ್ದರು. ಅವರ ಹತ್ತಿರ ಕರೆದುಕೊಂಡು ಹೋದವಳು ನಾನು. ನಮ್ಮವರು ಆ ತಿಂಗಳು ಕಾನ್ಫರೆನ್ಸು, ಲ್ಯಾಬಿನ ಕೆಲಸ ಎಂದು ಮದ್ರಾಸಿನಲ್ಲಿದ್ದರು, ಭಾವನಿಗೆ ಹೋಟೆಲು ಬಿಟ್ಟು ಬರಲಾಗಲಿಲ್ಲ.

ಡಾಕ್ಟರು ಅತ್ತಿಗೆಯ ಹಿಂದೆ ನಿಂತು, ಎರಡೂ ಕೈಯ ಬೆರಳುಗಳನ್ನು ಕತ್ತಿನ ಮುಂಭಾಗಕ್ಕೆ ತಂದು ನಿಧಾನವಾಗಿ ಒತ್ತಿ ನೋಡಿದರು. ನೀರು ಕೊಟ್ಟು ನುಂಗಲು ಹೇಳಿದರು. ರಕ್ತ ತೆಗೆದು ಬೊಂಬಾಯಿಗೆ ಕಳಿಸಿದರು. ಎರಡು ವಾರ ಬಿಟ್ಟು ಮತ್ತೆ ಕರೆದಾಗ, ನನ್ನ ಇಂಗ್ಲಿಷ್ ಕೇಳಿ ಖುಷಿಯಾಗಿದ್ದರೋ ಏನೋ, ಅತ್ತಿಗೆಯ ಕಡೆ ನೋಡದೆ ಎಲ್ಲವನ್ನೂ ನನಗೇ ಹೇಳಿದರು. ಅವರು ಹೇಳಿದ್ದು ನಾಲ್ಕು ಸಂಗತಿ.

ಇದು ಒಬ್ಬ ಜಪಾನಿ ಡಾಕ್ಟರರ ಹೆಸರಿನ ಕಾಯಿಲೆ. ಮೈಯನ್ನು ಕಾಯಬೇಕಾದ ರಕ್ತವೇ ಥೈರಾಯ್ಡ್ ಗ್ರಂಥಿಯನ್ನು ವೈರಿ ಎಂದು ತಿಳಿದು ತಿನ್ನುತ್ತಿದೆ. ದಿನವೂ ಮಾತ್ರೆ ತೆಗೆದುಕೊಂಡರೆ ಬಾವು ಇಳಿಯುತ್ತದೆ, ಈ ಮಾತ್ರೆ ಕುರಿಯ ಗ್ರಂಥಿಯನ್ನು ಒಣಗಿಸಿ ಮಾಡಿದ್ದು. ನಾಲ್ಕನೆಯದನ್ನು ಹೇಳುವಾಗ ಅವರು ಪೆನ್ನು ಕೆಳಗಿಟ್ಟರು. ಇಂಥ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟುವುದು ಅಪರೂಪ, ಆದರೆ ಹುಟ್ಟಿದರೆ ಅಡಗಿ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಏಕೆಂದರೆ ಇಡೀ ಗ್ರಂಥಿಯೇ ಗಂಟುಗಂಟಾಗಿರುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಬಂದು ತಮ್ಮ ಕೈಗೆ ತೋರಿಸಬೇಕು. ಉಳಿದದ್ದೆಲ್ಲ ಇಳಿಯುವಾಗ ಒಂದು ಕಡೆ ಮಾತ್ರ ಗಟ್ಟಿಯಾಗಿ ಉಳಿದರೆ, ಬೆಳೆದರೆ, ಸ್ವರ ಬದಲಾದರೆ, ಆ ದಿನವೇ ಬರಬೇಕು, ಡೋಂಟ್ ವೇಟ್.

“ಎಂತ ಹೇಳಿದ್ದು?” ಎಂದರು ಅತ್ತಿಗೆ, ಹೊರಗೆ ಬಂದು ಟಾಂಗಾ ಹತ್ತುವಾಗ.

“ಜಪಾನಿನ ಕಾಯಿಲೆಯಂತೆ ಅತ್ತಿಗೆ. ಮಾತ್ರೆ ತಗೊಂಡ್ರೆ ಇಳೀತದಂತೆ.”

“ನಾನು ಬೊಂಬಾಯಿ ಸಹ ಸಮ ನೋಡ್ಲಿಲ್ಲ, ಜಪಾನಿನವ ನನ್ನ ಕುತ್ತಿಗೆಗೆ ಹೇಗೆ ಬಂದ? ಮತ್ತೆಂತ ಹೇಳಿದ್ರು? ತುಂಬ ಹೊತ್ತು ಹೇಳಿದ್ರಲ್ಲ.”

“ಅಷ್ಟೇ. ಮಂಡೆಬೆಚ್ಚ ಮಾಡ್ಬಾರ್ದಂತೆ.”

ಕುರಿಯ ವಿಷಯ ನಾನು ಹೇಳಲಿಲ್ಲ. ಈರುಳ್ಳಿ ಹೆಚ್ಚಿದ ಮಣೆಯನ್ನೂ ಬೇರೆ ಇಡುತ್ತಿದ್ದ ಹೆಂಗಸಿಗೆ ಹೇಗೆ ಹೇಳುವುದು? ಹೇಳಿದ್ದರೆ ಮಾತ್ರೆ ಸಾಬರಮತಿಗೆ ಹೋಗುತ್ತಿತ್ತು. ಅದರಲ್ಲಿ ನನ್ನ ತಪ್ಪಿಲ್ಲ ಎಂದು ಈಗಲೂ ಅಂದುಕೊಳ್ಳುತ್ತೇನೆ. ಆದರೆ ಒಮ್ಮೆ ಕುರಿಯನ್ನು ಬಿಟ್ಟ ಮೇಲೆ ಇನ್ನೊಂದನ್ನು ಬಿಡುವುದು ಸುಲಭವಾಯಿತು. ಕ್ಯಾನ್ಸರ್ ಎನ್ನುವ ಶಬ್ದವನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ ದೊಡ್ಡ ಗುಣ ಟ್ಯಾಕ್ಟ್: ಎದುರಿನವರಿಗೆ ನೋವಾಗುವ ಮಾತನ್ನು ಒಳ್ಳೆಯ ಮನೆಯ ಹುಡುಗಿ ಆಡುವುದಿಲ್ಲ. ನಾನು ಒಳ್ಳೆಯ ಮನೆಯ ಹುಡುಗಿಯಾಗಿದ್ದೆ. ಮದ್ರಾಸಿನಿಂದ ಬಂದ ನಮ್ಮವರಿಗೂ ಅದನ್ನೇ ಹೇಳಿದೆ: ಮಾತ್ರೆ, ಮೂರು ತಿಂಗಳಿಗೊಮ್ಮೆ ಚೆಕಪ್, ಅಪಾಯವಿಲ್ಲ.

ಮೂರು ತಿಂಗಳಾದಾಗ ಅತ್ತಿಗೆ ಬರಲಿಲ್ಲ. “ಇಲ್ಲಿ ಸಾರಿನ ಪುಡಿ ಯಾರು ಹುರೀತಾರೆ? ಭಟ್ಟರು ಮೆಂತೆ ಕರಟಿಸ್ತಾರೆ” ಎಂದು ಕಾಗದ ಬಂತು. ಅಕ್ಕನೆಂದರೆ ನಮ್ಮವರಿಗೆ ಪ್ರಾಣ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿದ ಅಕ್ಕ. ಅವಳಿಗೆ ರೈಲಿನ ಧೂಳು, ಕ್ಲಿನಿಕ್ಕಿನ ಬೆಂಚು ತಪ್ಪಿಸಬೇಕೆಂದು ಅವರು ಒಂದು ಉಪಾಯ ಹುಡುಕಿದರು, ತಮಗೆ ಗೊತ್ತಿದ್ದ ಏಕೈಕ ಉಪಾಯ. “ಡಾಕ್ಟರಿಗೆ ಬೇಕಾದ್ದು ಡೇಟಾ ತಾನೆ? ನಾವೇ ಕೊಡೋಣ.”

ಹಾಗೆ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗಿನ ಪ್ಯಾಸೆಂಜರಿಗೆ ನಾವಿಬ್ಬರೂ ಬರೋಡಾಕ್ಕೆ. ಅತ್ತಿಗೆ ಮಣೆಯ ಮೇಲೆ ನೆಟ್ಟಗೆ ಕೂರುವುದು. ಕರಿಮಣಿ ತೆಗೆಯಲು ಅವರು ಒಪ್ಪಲಿಲ್ಲ. ಟೇಪಿಗೆ ಅಡ್ಡ ಬರದಂತೆ ಸರವನ್ನು ಮೇಲೆತ್ತಿ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳುತ್ತಿದ್ದರು. ಅವರು ಮಾತಿಲ್ಲದೆ ಇರುತ್ತಿದ್ದದ್ದು ಆ ಎರಡು ನಿಮಿಷ ಮಾತ್ರ. ನಾನು ಟೇಪು ಸುತ್ತಿ ಓದುವುದು, ಮೂರು ಸಲ. ನಮ್ಮವರು ಮೂರರ ಸರಾಸರಿ ತೆಗೆದು, ಲ್ಯಾಬಿನಿಂದ ತಂದ ಹಸಿರು ಗೆರೆಯ ಗ್ರಾಫ್ ಶೀಟಿನಲ್ಲಿ ಪೆನ್ಸಿಲ್ ಮೊನೆಯಿಂದ ಒಂದು ಚುಕ್ಕೆ ಇಡುವುದು. ಮೂವತ್ತೆಂಟು ಸೆಂಟಿಮೀಟರಿನಿಂದ ಶುರುವಾದದ್ದು. ಮೂವತ್ತೇಳು ಚಿಲ್ಲರೆ. ಮೂವತ್ತಾರೂವರೆ. ಚುಕ್ಕೆಗಳು ಜಾರುಬಂಡೆ ಇಳಿಯುವ ಹಾಗೆ ಇಳಿದವು. ಪಟ್ಟಿ ಹಿಡಿಯದೆ, ಕೈಯಲ್ಲೇ, ಅವರು ಆ ಚುಕ್ಕೆಗಳನ್ನು ಸೇರಿಸಿ ಎಳೆಯುತ್ತಿದ್ದ ಗೆರೆ ಎಷ್ಟು ಚಂದವಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಅವರು ಅಷ್ಟು ಗಮನದಿಂದ ನೋಡಿದ್ದು ನೆನಪಿಲ್ಲ.

ಆ ಗ್ರಾಫನ್ನು ನಮ್ಮವರು ಕ್ಲಿನಿಕ್ಕಿಗೆ ಮುಟ್ಟಿಸುತ್ತಿದ್ದರು. ಡಾಕ್ಟರು ಮೊದಲ ಸಲ, ಪೇಷಂಟನ್ನು ಕರೆತನ್ನಿ ಎಂದರಂತೆ. ಎರಡನೆಯ ಸಲ ಗ್ರಾಫನ್ನು ತಮ್ಮ ವಿದ್ಯಾರ್ಥಿಗಳಿಗೆ ತೋರಿಸಿದರಂತೆ. ಮೂರನೆಯ ಸಲ ಅದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು: ಬ್ಯೂಟಿಫುಲ್ ಕರ್ವ್. ಕಂಟಿನ್ಯೂ.

ಒಂದು ಭಾನುವಾರ ಕಂಠೀಹಾರ ಮತ್ತೆ ಕೊಕ್ಕೆಗೆ ಸಿಕ್ಕಿತು. ಅತ್ತಿಗೆ ಕನ್ನಡಿಯ ಎದುರು ನಿಂತು ಹುಡುಗಿಯ ಹಾಗೆ ಕತ್ತು ತಿರುಗಿಸಿದರು. ಭಾವ ಕೆಳಗೆ ಹೋಗಿ ಎಲ್ಲ ಗಿರಾಕಿಗಳಿಗೂ ಒಂದೊಂದು ಚಮಚ ಕೇಸರಿಬಾತು ಹಂಚಿದರು. “ನೋಡು ಮಾರಾಯ್ತಿ, ನನ್ನ ತಮ್ಮ ಟೇಪು ಹಾಕಿ ಹಾಕಿ ಕಾಯಿಲೆಯನ್ನು ಹೆದರಿಸಿ ಓಡಿಸಿದ!” ಎಂದು ಅತ್ತಿಗೆ ಹೇಳಿದ್ದು ಸ್ಟೇಷನ್ನಿಗೆ ಕೇಳಿರಬೇಕು. ಆ ಸ್ವರ ನಾನು ಪೂರ್ತಿಯಾಗಿ ಕೇಳಿದ್ದು ಅವತ್ತೇ ಕೊನೆ.

ಮುಂದಿನ ತಿಂಗಳು ಟೇಪು ಸುತ್ತುವಾಗ ನನ್ನ ಹೆಬ್ಬೆರಳಿಗೆ ಏನೋ ತಾಗಿತು. ಬಲಗಡೆ, ಕಂಠೀಹಾರದ ಪದಕ ಬೀಳುವ ಜಾಗದಿಂದ ಸ್ವಲ್ಪ ಮೇಲೆ. ಹುಣಸೆಬೀಜದಷ್ಟು, ಅದಕ್ಕಿಂತಲೂ ಗಟ್ಟಿ. ಸುತ್ತಲಿನದೆಲ್ಲ ಮೆತ್ತಗಾಗಿತ್ತು, ಇದೊಂದು ಮಾತ್ರ ಹೊಳೆ ಇಳಿದ ಮೇಲೆ ಕಾಣುವ ಕಲ್ಲಿನ ಹಾಗೆ. ಟೇಪು ಜಾರಿತು. ಟಿಣ್.

“ಎಂತ ಆಯ್ತು?” ಅತ್ತಿಗೆ ಕರಿಮಣಿ ಕಚ್ಚಿಕೊಂಡೇ ಕೇಳಿದರು.

“ಏನಿಲ್ಲ, ಕೈ ಬೆವರು.”

ವಾಪಸು ರೈಲಿನಲ್ಲಿ ನಮ್ಮವರಿಗೆ ಹೇಳಿದೆ. “ಬಲಗಡೆ ಏನೋ ಗಟ್ಟಿ ಇದ್ದ ಹಾಗಿದೆ.”

“ಎಷ್ಟು ಸೆಂಟಿಮೀಟರ್?”

“ಅದನ್ನು ಟೇಪಿನಲ್ಲಿ ಅಳೆಯೋದಕ್ಕೆ ಆಗೋದಿಲ್ಲ.”

“ಮತ್ತೆ ಹೇಗೆ ಹೇಳ್ತೀಯ? ಒಟ್ಟು ಸುತ್ತಳತೆ ಇವತ್ತು ಕೂಡ ಮೂರು ಮಿಲಿಮೀಟರ್ ಇಳಿದಿದೆ. ಇಳಿಯುವಾಗ ಎಲ್ಲ ಕಡೆ ಸಮ ಇಳಿಯಬೇಕು ಅಂತ ಏನಿದೆ? ಡಾಕ್ಟರು ಏನಾದರೂ ಹೇಳಿದ್ದರಾ ಇಂಥದ್ದು?”

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದ್ದು, ಶಬ್ದ ಶಬ್ದವೂ. ಎಲೊಕ್ಯೂಷನ್ ಪ್ರೈಜಿನವಳು ನಾನು, ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಆದರೆ ಈಗ ಹೇಳಬೇಕಾದರೆ, ಒಂಬತ್ತು ತಿಂಗಳಿಂದ ಬಚ್ಚಿಟ್ಟಿದ್ದೆ ಎಂದೂ ಹೇಳಬೇಕಿತ್ತು. ಕಿಟಕಿಯಾಚೆ ನಡಿಯಾದ್ ಕಡೆಯ ತಂಬಾಕಿನ ಹೊಲಗಳು ಹೋಗುತ್ತಿದ್ದವು. “ನೆನಪಿಲ್ಲ” ಎಂದೆ.

ಮತ್ತೆ ಎರಡು ಭಾನುವಾರ. ಅಂದರೆ ಎರಡು ತಿಂಗಳು. ಗೆರೆ ಇಳಿಯುತ್ತಲೇ ಇತ್ತು, ಹುಣಸೆಬೀಜ ಗೋಲಿಯಾಯಿತು. ನಾನು ಟೇಪನ್ನು ಸ್ವಲ್ಪ ಕೆಳಗೆ ಜಾರಿಸಿ ಸುತ್ತುತ್ತಿದ್ದೆ, ಅದು ಬೆರಳಿಗೆ ತಾಗದ ಹಾಗೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆಮೇಲೆ ಸ್ವರ ಒಡೆಯಿತು. ಮೆಟ್ಟಿಲ ಮೇಲೆ ನಿಂತು ಕೂಗಿದರೆ ಮೇಲಿನ ಅರ್ಧ ಮಾತ್ರ ಹೊರಗೆ ಬರುತ್ತಿತ್ತು, ಉಳಿದದ್ದು ಗಾಳಿ. “ಥೈರಾಯ್ಡಿಗೆ ಸ್ವರ ದಪ್ಪ ಆಗೋದು ಪುಸ್ತಕದಲ್ಲೇ ಇದೆ, ಮಾತ್ರೆ ಸ್ವಲ್ಪ ಜಾಸ್ತಿ ಮಾಡಬೇಕೇನೋ” ಎಂದರು ನಮ್ಮವರು. ಅದು ಸುಳ್ಳಲ್ಲ. ಆ ಕಾಯಿಲೆಯ ಕೆಟ್ಟತನವೇ ಅದು, ಕೆಟ್ಟ ಸುದ್ದಿ ಹಳೆಯ ಸುದ್ದಿಯ ಸೀರೆಯುಟ್ಟುಕೊಂಡೇ ಬರುತ್ತದೆ. ಕೊನೆಗೆ ಅನುಮಾನಪಟ್ಟವರು ನಾವು ಓದಿದವರಲ್ಲ, ಅಡುಗೆಮನೆಯ ಭಟ್ಟರು. “ಅಮ್ಮನ ಸ್ವರ ಕೆಳಗೆ ಬರ್ತಾ ಇಲ್ಲ. ಒಂದು ತಿಂಗಳಾಯ್ತು. ಇದು ಶೀತ ಅಲ್ಲ” ಎಂದು ಅವರು ಹಟ ಹಿಡಿದಾಗ ಭಾವ ಹೋಟೆಲು ಮುಚ್ಚಿ, ಅತ್ತಿಗೆಯನ್ನು ಅಹಮದಾಬಾದಿಗೆ ಕರೆತಂದರು.

ಡಾಕ್ಟರು ಹಿಂದಿನಿಂದ ಬೆರಳಿಟ್ಟರು. ಬೆರಳು ಬಲಗಡೆ ನಿಂತುಬಿಟ್ಟಿತು.

“ಇಷ್ಟು ದಿನ ಕತ್ತನ್ನು ಪರೀಕ್ಷೆ ಮಾಡಿದವರು ಯಾರು?”

“ಟೇಪಿನಿಂದ ಅಳೆದೆವು” ಎಂದರು ನಮ್ಮವರು.

“ಟೇಪಿಗೆ ಬೆರಳಿಲ್ಲವಲ್ಲ ಮಿಸ್ಟರ್.” ನನ್ನ ಕಡೆ ತಿರುಗಿದರು. “ನಿಮಗೆ ನಾನು ಹೇಳಿರಲಿಲ್ಲವೆ, ಮ್ಯಾಡಮ್?”

ನಮ್ಮವರು ನನ್ನನ್ನು ನೋಡಿದರು. ಆ ನೋಟ ಮುಂದಿನ ನಲವತ್ತು ವರ್ಷದ ಸಂಸಾರದಲ್ಲಿ ಪೂರ್ತಿ ಎಂದೂ ಬೇರೆ ಕಡೆ ಹೋಗಲಿಲ್ಲ. ಕೆಂಪು ಶಾಯಿಯ ಬ್ಯೂಟಿಫುಲ್ ಬರೆದ ಹಾಳೆ ನನ್ನ ಪರ್ಸಿನಲ್ಲೇ ಇತ್ತು. ತೆಗೆದು ಡಾಕ್ಟರರ ಮೇಜಿನ ಮೇಲೆ ಇಡಬಹುದಿತ್ತು. ಇಡಲಿಲ್ಲ. ಮ್ಯಾನರ್ಸ್.

ಬೊಂಬಾಯಿಯಲ್ಲಿ ಅತ್ತಿಗೆಗೆ ವಿಕಿರಣ ಸೇರಿಸಿದ ಅಯೋಡಿನ್ ಕುಡಿಸಿ ಮಲಗಿಸಿದರು. ಒಂದು ಯಂತ್ರ ಕತ್ತಿನ ಮೇಲೆ ಆಚೆ ಈಚೆ ಹೋಗುತ್ತ, ಟಕಟಕ ಎಂದು ಕಾಗದದ ಮೇಲೆ ಚುಕ್ಕೆ ಹೊಡೆಯಿತು. ಅಯೋಡಿನ್ ಹೀರಿದ ಕಡೆ ಚುಕ್ಕೆ, ಹೀರದ ಕಡೆ ಖಾಲಿ. ಹಳೆಯ ಕಾಯಿಲೆಯಿಂದಾಗಿ ಇಡೀ ಚಿತ್ರ ನುಸಿ ತಿಂದ ಶಾಲಿನ ಹಾಗೆ ತೂತುತೂತಾಗಿತ್ತು. ಬಲಗಡೆ ಒಂದು ಜಾಗ ಮಾತ್ರ ಪೂರ್ತಿ ಖಾಲಿ. ಅಲ್ಲಿನ ಡಾಕ್ಟರುಗಳಲ್ಲೇ ಒಬ್ಬರು ಅದು ಹಳೆಯ ಕಾಯಿಲೆಯ ಕಲೆ ಎಂದರು, ಒಬ್ಬರು ಹೊಸದು ಎಂದರು, ತೆಗೆದು ನೋಡದೆ ಗೊತ್ತಾಗುವುದಿಲ್ಲ ಎಂದು ಇಬ್ಬರೂ ಒಪ್ಪಿದರು. ನಮ್ಮವರು ಯಾರನ್ನೂ ಕೇಳಲಿಲ್ಲ. ಚುಕ್ಕೆ ಎಣಿಸುವುದೇ ಅವರ ಕಸುಬು. ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದವರು ಮಡಚಿ ಕೊಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಆಮೇಲೆ ಅವರು ಮನೆಯೊಳಗೆ ಗ್ರಾಫ್ ಶೀಟು ತರಲಿಲ್ಲ, ಮಗಳ ಲೆಕ್ಕದ ಹೋಂವರ್ಕಿಗೂ ಕೂಡ.

ಕ್ಯಾನ್ಸರೇ ಆಗಿತ್ತು. ಸ್ವರದ ನರಕ್ಕೆ ಅಂಟಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದಾಗ ಅದರ ಜೊತೆ ನರವೂ ಹೋಯಿತು. ಮೂರು ನಾಲ್ಕು ತಿಂಗಳು ಮೊದಲು ಬಂದಿದ್ದರೆ ಎಂದು ಸರ್ಜನ್ ಶುರುಮಾಡಿ, ನಮ್ಮ ಮುಖ ನೋಡಿ ನಿಲ್ಲಿಸಿದರು. ಈಗ ಇದನ್ನೆಲ್ಲ ಪರೀಕ್ಷಿಸುವುದು ಅರ್ಧ ಗಂಟೆಯ ಕೆಲಸ. ಮೊನ್ನೆ ನನ್ನ ಮಗಳಿಗೂ ಅದೇ ಜಪಾನಿ ಕಾಯಿಲೆ ಎಂದಾಗ ಜೊತೆಗೆ ಹೋಗಿದ್ದೆ. ಕತ್ತಿಗೆ ಜೆಲ್ ಹಚ್ಚಿ ಸ್ಕ್ರೀನಿನಲ್ಲಿ ನೋಡಿದರು, ಸಂಶಯ ಬಂದ ಕಡೆ ಸಣ್ಣ ಸೂಜಿ ಚುಚ್ಚಿದರು, ಏನೂ ಇಲ್ಲ, ವರ್ಷ ಬಿಟ್ಟು ಬನ್ನಿ ಎಂದರು. ಎಲ್ಲವನ್ನೂ ನೇರವಾಗಿ ಅವಳಿಗೇ ಹೇಳಿದರು. ಕ್ಯಾನ್ಸರ್ ಎಂಬ ಶಬ್ದವನ್ನೂ ಸೇರಿಸಿ. ಅವಳು ತಲೆಯಾಡಿಸಿ, ಕಾಫಿ ಕುಡಿಯೋಣವಾ ಎಂದಳು.

ಬೊಂಬಾಯಿಯ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ ಅತ್ತಿಗೆ ನನ್ನನ್ನು ಹತ್ತಿರ ಕರೆದರು. ಕರೆದದ್ದು ಬಳೆಯನ್ನು ಮಂಚದ ಕಬ್ಬಿಣಕ್ಕೆ ಬಡಿದು. ಕಿವಿಯನ್ನು ಅವರ ಬಾಯಿಗೆ ಹಿಡಿಯಬೇಕಿತ್ತು.

“ಆ ದಿವಸ ಡಾಕ್ಟ್ರು ಎಂತೆಂತ ಹೇಳಿದ್ದು? ಈಗ ಪೂರ್ತಿ ಹೇಳು.”

ಹೇಳಿದೆ. ಕುರಿಯನ್ನೂ ಬಿಡಲಿಲ್ಲ. ಕುರಿ ಎಂದಾಗ ಅವರು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಾಯಿಯ ಮೇಲೆ ಸೆರಗು ಹಿಡಿದರು. ನಗುತ್ತಿದ್ದರೋ ಹೇಸುತ್ತಿದ್ದರೋ ತಿಳಿಯಲಿಲ್ಲ.

“ಅದು ಹೇಳದ್ದು ಒಳ್ಳೇದಾಯ್ತು” ಎಂದರು. ಆಮೇಲೆ, “ಇನ್ನೊಂದು ಹೇಳ್ಬೇಕಿತ್ತು. ಕುತ್ತಿಗೆ ನಂದಲ್ವಾ ಮಾರಾಯ್ತಿ?”

ಬೈದದ್ದಲ್ಲ, ಕೇಳಿದ್ದು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆ.

ಬರೋಡಾದ ಹೋಟೆಲನ್ನು ಭಾವ ಭಟ್ಟರಿಗೆ ಬಿಟ್ಟುಕೊಟ್ಟು ಸೂರತ್ತಿಗೆ ಹೋದರು. ಅಲ್ಲಿ ಅವರ ತಮ್ಮನ ಹೋಟೆಲಿತ್ತು, ವಿಕಿರಣ ಚಿಕಿತ್ಸೆಗೆ ಬೊಂಬಾಯಿ ಹತ್ತಿರವಾಗುತ್ತಿತ್ತು. ಅಲ್ಲಿನ ಮನೆಗೆ ಮಹಡಿ ಇರಲಿಲ್ಲ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ಸ್ಟೂಲು ಹಾಕಿ ಕೂತು, ಹಿಟ್ಟು ಹುಳಿ ಬಂದರೆ ಚಮಚದಿಂದ ತಟ್ಟೆಗೆ ಬಡಿಯುತ್ತಾರೆ ಎಂದು ಭಾವ ಬರೆದಿದ್ದರು.

ಮರುವರ್ಷ ನಾನು ಹೆರಿಗೆಗೆಂದು ತವರಿಗೆ ಹೊರಟೆ. ಬೊಂಬಾಯಿಯವರೆಗೆ ರೈಲು, ಅಲ್ಲಿಂದ ಮುಂದಕ್ಕೆ ಕರೆದೊಯ್ಯಲು ನನ್ನಣ್ಣ ಬರುವವನಿದ್ದ. ಸೂರತ್ತಿನಲ್ಲಿ ರೈಲು ಕೆಲವೇ ನಿಮಿಷ ನಿಲ್ಲುತ್ತದೆ. ಪ್ಲಾಟ್‌ಫಾರಂ ತುಂಬ ಸೀರೆಯ ಗಂಟುಗಳು, ಕೂಲಿಗಳು, ಚಾಯ್‌ವಾಲಾಗಳು. ಅತ್ತಿಗೆ ಬಂದಿದ್ದರು. ಬಹಳ ಬಡವಾಗಿದ್ದರು, ಕತ್ತಿಗೆ ಸೆರಗು ಸುತ್ತಿಕೊಂಡಿದ್ದರು. ಕಿಟಕಿಯ ಸರಳಿಗೆ ಬಳೆ ಬಡಿದರು. ಬಾಳೆಲೆಯಲ್ಲಿ ಕಟ್ಟಿದ ಪುಳಿಯೋಗರೆ ಒಳಗೆ ಕೊಟ್ಟು, ನನ್ನ ಹೊಟ್ಟೆಯನ್ನು ನೋಡಿ, ಕೈ ಒಳಗೆ ಹಾಕಿ ನನ್ನ ಕೆನ್ನೆ ಮುಟ್ಟಿದರು. ಆಮೇಲೆ ಏನೋ ಹೇಳತೊಡಗಿದರು. ತುಟಿ ಆಡುತ್ತಿತ್ತು. ಇಂಜಿನ್ ಹಬೆ ಬಿಡುತ್ತಿತ್ತು, ಪಕ್ಕದಲ್ಲಿ ಒಬ್ಬ “ಗರಮ್ ಚಾಯ್” ಎಂದು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದ. ಒಂದು ಶಬ್ದವೂ ಕೇಳಲಿಲ್ಲ. ಅವರು ನಿಲ್ಲಿಸಿ, ಕೇಳಿತಾ ಎನ್ನುವ ಹಾಗೆ ಹುಬ್ಬೆತ್ತಿದರು.

ನಾನು ನಗುತ್ತ, ಹೌದು ಹೌದು ಎಂದು ತಲೆಯಾಡಿಸಿದೆ.

ಅವರಿಗೆ ಗೊತ್ತಾಯಿತು. ನನಗೆ ಕೇಳಿಲ್ಲವೆಂದು, ಕೇಳಿದವಳ ಹಾಗೆ ಮಾಡುತ್ತಿದ್ದೇನೆಂದು. ಅಂಗೈಯಿಂದ ತಮ್ಮ ಹಣೆಯನ್ನು ಒಮ್ಮೆ ಬಡಿದುಕೊಂಡು, ಮತ್ತೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರೈಲು ಎಳೆಯಿತು. ನಾಲ್ಕು ಹೆಜ್ಜೆ ಜೊತೆಗೆ ನಡೆದರು, ಬಾಯಿ ಆಡಿಸುತ್ತಲೇ. ನಾನು ಮಂಗಳೂರಿನಲ್ಲಿ ಬಾಣಂತಿ ಕೋಣೆಯಲ್ಲಿರುವಾಗ ತಂತಿ ಬಂತು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ, ಸೂರತ್ತಿನ ಪ್ಲಾಟ್‌ಫಾರಂ ಮೇಲೆ, ಗಂಟು ಹೊತ್ತ ಕೂಲಿಗಳ ನಡುವೆ, ಇನ್ನೂ ಏನನ್ನೋ ಹೇಳುತ್ತಿದ್ದ ಹಾಗೆಯೇ.